ತಿರುಗಲು ಬೇಕಾದಷ್ಟು

ಒಂದೂಮುಕ್ಕಾಲು ಸೆಂಟ್ಸು. ಬೋಳಾರದಲ್ಲಿ,
ಬಾಗಿಲು ಹಾಕಿದ ಹಂಚಿನ ಕಾರ್ಖಾನೆಯ ಬೆನ್ನಿಗೆ.
ಬ್ರೋಕರ್ ಹೇಳಿದ್ದ, ‘ಸಿಸ್ಟರ್, ಇದರಲ್ಲಿ ಮನೆ ಆಗುವುದಿಲ್ಲ,
ಬೇಕಾದರೆ ಕಾರು ನಿಲ್ಲಿಸಬಹುದು.’
ನನ್ನಲ್ಲಿ ಕಾರಿಲ್ಲ. ಹಾಗಾಗಿ ಮನೆ.

ನಸೀಬಾ ಬಂದಳು, ಸ್ಕಾರ್ಫಿನೊಳಗೆ ಪೆನ್ಸಿಲು ಸಿಕ್ಕಿಸಿಕೊಂಡು.
ಇದು ಅವಳ ಎರಡನೆಯ ಮನೆ; ಮೊದಲನೆಯದು ಕೋಳಿಗೂಡು.
ಕೇಳಿದಳು: ಎಷ್ಟು ಹೊತ್ತಿಗೆ ಏಳುತ್ತೀರಿ, ಎಡ ಮಗ್ಗುಲೋ ಬಲವೋ,
ಮೀನು ನಿಂತು ಕೊಯ್ಯುತ್ತೀರೋ ಕುಳಿತೋ,
ನೈಟ್ ಡ್ಯೂಟಿ ಮುಗಿಸಿ ಬಂದು ಮೊದಲು ಏನು ಕಳಚುತ್ತೀರಿ?
‘ಚಪ್ಪಲಿ,’ ಎಂದೆ. ‘ಆಮೇಲೆ ವಾಚು. ಆಮೇಲೆ ಮುಖ.’
ಮೂರಕ್ಕೂ ಒಂದೊಂದು ಗೂಡು ಬರೆದಳು.

ಅಟ್ಟಕ್ಕೆ ಹತ್ತುವ ಮೆಟ್ಟಿಲೆಲ್ಲ ಡ್ರಾಯರು:
ಒಂದರಲ್ಲಿ ಕುಚ್ಚಲಕ್ಕಿ, ಎರಡರಲ್ಲಿ ಬಿಲ್ಲು, ಎಕ್ಸ್‌ರೇ,
ಮೂರರಲ್ಲಿ ಅಪ್ಪನ ಕೋಟು.
ಊಟದ ಮೇಜೇ ಕಿಟಕಿಯ ಕದ,
ಇಳಿಸಿದರೆ ಬಟ್ಟಲಿಗೆ ಬೆಳಕು, ಉಂಡು ಮಡಚಿದರೆ ರಾತ್ರಿ.

ನಕ್ಷೆಗೆ ನಾನು ಸೇರಿಸಿದ್ದು ಒಂದೇ ಗೆರೆ.
ಬಾಗಿಲಿಂದ ಹಾಸಿಗೆಯವರೆಗಿನ ಗೋಡೆ
ಮೂಲೆಯಲ್ಲಿ ಮುರಿಯಬಾರದು, ಬಳುಕಬೇಕು.
ಏಕೆಂದು ಅವಳು ಕೇಳಲಿಲ್ಲ. ತಲೆ ಓರೆ ಮಾಡಿ ನೋಡಿದಳು,
‘ಇಪ್ಪತ್ತೆರಡು ಚದರಡಿ ತಿನ್ನುತ್ತದೆ.’
‘ತಿನ್ನಲಿ.’

ಬೆಂಗ್ರೆಯಿಂದ ಫೆರಿ ದಾಟಿ ಬಂದವರು ಸಂಕಪ್ಪ ಆಚಾರಿ,
ನಲವತ್ತು ವರ್ಷ ದೋಣಿಗಳಿಗೆ ಪಕ್ಕೆಲುಬು ಕಟ್ಟಿದವರು,
ಫೈಬರು ಬಂದ ಮೇಲೆ ಕೈ ಖಾಲಿ.
‘ಗೋಡೆ ಎಂತ ಬಾಯಮ್ಮಾ, ಸೊಟ್ಟ?’ ಎಂದವರೇ
ಉತ್ತರಕ್ಕೆ ಕಾಯದೆ ಅಂಗೈಯಲ್ಲಿ ಸವರಿ
‘ಇದು ಹಲಗೆಗೆ ಗೊತ್ತಿರುವ ದಾರಿ,’ ಎಂದರು.
ಒದ್ದೆ ಗೋಣಿ, ತೆಂಗಿನ ಸಿಪ್ಪೆಯ ಬೆಂಕಿ.
ಹೆಬ್ಬಲಸು ಮೂರು ದಿನ ಹಠ ಹಿಡಿದು
ನಾಲ್ಕನೆಯ ದಿನ ಬಾಗಿತು, ಸೋತಂತೆ ಅಲ್ಲ,
ಬಾಣಂತಿ ಮಗ್ಗುಲು ಬದಲಿಸಿದಂತೆ.
ಗೋಡೆಗೆ ಒರಗಿದ್ದರೆ ಅದು ಬೆಂಚು;
ಬೇರೆಲ್ಲಿಟ್ಟರೂ ಒಡೆದ ದೋಣಿಯ ಒಂದು ಚೂರು.
ಎರಡು ಗೂಟ ಕಿತ್ತರೆ ಇಡೀ ಬೆಂಚು ಕೈಗೆ ಬರಬೇಕು,
ಅದು ನನ್ನ ಇನ್ನೊಂದು ಶರತ್ತು.

ಫೋಟೋ ತೆಗೆಯಲು ಬಂದರು ಯಾವುದೋ ಪತ್ರಿಕೆಯವರು.
‘ಓಹೋ, ನೇತ್ರಾವತಿಯ ತಿರುವು!’
ನಸೀಬಾ ನನ್ನತ್ತ ನೋಡಿದಳು.
ನಾನು ಚಹಾಕ್ಕೆ ಸಕ್ಕರೆ ಎಷ್ಟೆಂದು ಕೇಳಿದೆ.

ಇಪ್ಪತ್ತಾರು ವರ್ಷ ಸ್ಟ್ರೆಚರ್ ತಳ್ಳಿದವಳು ನಾನು.
ಕದ್ರಿಯಲ್ಲಿ, ಏಳನೆಯ ಮಹಡಿಯಲ್ಲಿ,
ಮುಖ ಕಾಣುವಂಥ ಮಾರ್ಬಲ್ಲಿನ ಮನೆಯಿಂದ
ಯಜಮಾನರನ್ನು ಮಲಗಿಸಿ ತರಲಾಗದೆ
ಊಟದ ಕುರ್ಚಿಗೆ ಅವರ ಹೆಂಡತಿಯ ಸೀರೆಯಲ್ಲಿ ಕಟ್ಟಿ,
ತಲೆ ವಾಲದಂತೆ ನಾನು ಹಣೆ ಹಿಡಿದುಕೊಂಡು,
ಲಿಫ್ಟಿನ ಕನ್ನಡಿಯಲ್ಲಿ ನಾವು ಐದು ಜನ,
ಉಸಿರಾಡುವವರು ನಾಲ್ಕು.
ಅಂದೇ ಅಳೆದುಕೊಂಡೆ: ಆರೂವರೆ ಅಡಿ ಉದ್ದ,
ಎರಡಡಿ ಅಗಲ, ಮುಂದೊಬ್ಬ, ಹಿಂದೊಬ್ಬ,
ತಿರುಗಲು ಬೇಕಾದಷ್ಟು.

ಮೊನ್ನೆ ಆ ತಿರುವು ಮೊದಲ ಸಲ ಬಳಕೆಗೆ ಬಂತು.
ಬಜ್ಪೆಯ ತಂಗಿ ಅಮ್ಮನ ಉಕ್ಕಿನ ಕಪಾಟು ಕಳಿಸಿದಳು,
ಕೇಳದೆ, ಟೆಂಪೋ ಬಾಡಿಗೆಯೂ ಕೊಡದೆ.
ಇಬ್ಬರು ಹುಡುಗರು ಅಂಗಾತ ಮಲಗಿಸಿ ಹೊತ್ತು ತಂದರು.
ಅದರ ಕನ್ನಡಿಯಲ್ಲಿ ಮೊದಲು ಆಕಾಶ, ಆಮೇಲೆ ಜಂತಿ,
ತಿರುವಿನಲ್ಲಿ ಒಂದು ಗಳಿಗೆ, ಬಾಗಿ ನೋಡುತ್ತಿದ್ದ ನಾನು.
ಎಲ್ಲೂ ತಾಗಲಿಲ್ಲ. ಸುಣ್ಣಕ್ಕೆ ಒಂದು ಗೀರೂ ಇಲ್ಲ.
‘ಸಲೀಸು ಉಂಟು ಮಾರಾಯ್ರೆ ನಿಮ್ಮ ಮನೆ,’ ಎಂದ ಹಿಂದಿನವ,
ಬೆವರು ಒರೆಸಿಕೊಳ್ಳುತ್ತ.

ಈಗ ಅದು ಹಾಸಿಗೆಯ ಪಕ್ಕ ನಿಂತಿದೆ,
ನಕ್ಷೆಯಲ್ಲಿ ಇಲ್ಲದ ಹಸಿರು ಹೆಂಗಸು.
ಮೂರನೆಯ ಡ್ರಾಯರು ಅರ್ಧ ಮಾತ್ರ ತೆರೆಯುತ್ತದೆ,
ಅಪ್ಪನ ಕೋಟನ್ನು ತೋಳು ಹಿಡಿದು ಎಳೆಯಬೇಕು.
ನಸೀಬಾಗೆ ಇನ್ನೂ ಹೇಳಿಲ್ಲ.
ಭಾನುವಾರ ಬರುತ್ತಾಳೆ, ಅಳತೆ ಟೇಪು ಹಿಡಿದು.